ಕಲಿಸುವ ಹುಚ್ಚು ಹಿಡಿಸಿದ್ದು ತಿರುಗದ ಒಂದು ಫ್ಯಾನು

ನಮ್ಮ ಕಸುಬಿನಲ್ಲಿ ಯಾರೂ ಯಾರಿಗೂ ಕೂತು ಕಲಿಸುವುದಿಲ್ಲ. ಹುಡುಗ ಹೆಲ್ಪರ್ ಆಗಿ ಸೇರುತ್ತಾನೆ. ಏಣಿ ಹಿಡಿಯುತ್ತಾನೆ, ಗೋಡೆ ಕೊರೆಯುತ್ತಾನೆ, ಪೈಪಿನೊಳಗೆ ಸ್ಪ್ರಿಂಗ್ ತೂರಿಸಿ ವಯರ್ ಎಳೆಯುತ್ತಾನೆ, ಎಲ್ಲರಿಗೂ ಚಹಾ ತರುತ್ತಾನೆ. ಕಣ್ಣಿದ್ದವನು ನೋಡಿ ನೋಡಿ ಕಲಿಯುತ್ತಾನೆ. ಇಲ್ಲದವನು ಏಣಿ ಹಿಡಿದುಕೊಂಡೇ ಇರುತ್ತಾನೆ. ನಾನು ಐಟಿಐಯಲ್ಲಿ ಎರಡು ವರ್ಷ ಎಲೆಕ್ಟ್ರಿಷಿಯನ್ ಟ್ರೇಡ್ ಓದಿ ಬಂದವನು, ಆದರೂ ಕೆಲಸ ಕಲಿತದ್ದು ಹೀಗೆಯೇ. ಯಾಕೆ ಹೀಗೆ ಅಂತ ಕೇಳಿದರೆ ನಮ್ಮ ಮೇಸ್ತ್ರಿ, "ಅದು ಹಾಗೇ ಮಾರಾಯ, ನೀನು ಮಾಡು" ಅನ್ನುತ್ತಿದ್ದರು. ಮುಂದೆ ನನ್ನ ಕೈಕೆಳಗೆ ಬಂದ ಹುಡುಗರಿಗೂ ನಾನು ಅದನ್ನೇ ಹೇಳಿದೆ. ಅದರಲ್ಲಿ ತಪ್ಪೇನೂ ಕಾಣಿಸಿರಲಿಲ್ಲ. ಸಂಜೆಯೊಳಗೆ ಮನೆಯವರಿಗೆ ಲೈಟ್ ಉರಿಯಬೇಕು, ಪಾಠ ಮಾಡುತ್ತಾ ಕೂರಲು ಯಾರಿಗೆ ಪುರುಸೊತ್ತು?

ಉಡುಪಿಯ ಕಲ್ಸಂಕದ ಹತ್ತಿರ ನನ್ನದೊಂದು ಸಣ್ಣ ಅಂಗಡಿ. ಮನೆ ವೈರಿಂಗ್, ಬಾವಿ ಪಂಪು, ಫ್ಯಾನು, ಮಿಕ್ಸಿ, ಇಸ್ತ್ರಿ ಪೆಟ್ಟಿಗೆ ರಿಪೇರಿ. ನಮ್ಮ ಗಿರಾಕಿಯೊಬ್ಬರು ಕಾಲೇಜಿನಲ್ಲಿ ಉಪನ್ಯಾಸಕರು. ಒಂದು ಬೆಳಿಗ್ಗೆ ಅವರ ಫೋನು. ಬ್ರಹ್ಮಾವರದ ಆಚೆ ಹಳ್ಳಿ ಶಾಲೆಯಲ್ಲಿ ಎನ್ನೆಸ್ಸೆಸ್‌ನ ಏಳು ದಿನದ ಶಿಬಿರ ಹಾಕಿದ್ದಾರಂತೆ. ಮಧ್ಯಾಹ್ನ ಭಾಷಣ ಮಾಡಬೇಕಿದ್ದವರು ಕೈಕೊಟ್ಟಿದ್ದಾರಂತೆ. "ನೀವೇ ಬನ್ನಿ ಮಾರಾಯ್ರೆ. ಕರೆಂಟಿನ ಬಗ್ಗೆ ಎಂತಾದ್ರೂ ನಾಲ್ಕು ಮಾತು ಹೇಳಿ. ಒಂದು ಗಂಟೆ ಕಳೆದರೆ ಆಯ್ತು." ನನಗೆ ಮೈಕ್ ಕಂಡರೆ ಆಗುವುದಿಲ್ಲ. ಆದರೆ ವರ್ಷಗಟ್ಟಲೆ ಕೆಲಸ ಕೊಟ್ಟವರ ಮಾತು ತೆಗೆದುಹಾಕಲು ಆಗುತ್ತದಾ? ಸ್ಕೂಟರಿಗೆ ಟೂಲ್ಸ್ ಚೀಲ ಸಿಕ್ಕಿಸಿಕೊಂಡು ಹೋದೆ.

ಊಟ ಆಗಿ ಅರ್ಧ ಗಂಟೆ. ಮಕ್ಕಳ ಕಣ್ಣಿನಲ್ಲಿ ನಿದ್ದೆ. ಶಾಲೆಯ ಹಾಲ್‌ನಲ್ಲಿ ಎರಡು ಫ್ಯಾನು, ಒಂದು ತಿರುಗುತ್ತಿತ್ತು, ಇನ್ನೊಂದು ಸುಮ್ನೆ ಗುಂಯ್ ಅನ್ನುತ್ತಿತ್ತು. ಭಾಷಣಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ. ಅದಕ್ಕೆ ಆ ಫ್ಯಾನನ್ನೇ ತೋರಿಸಿ, "ಇದಕ್ಕೆ ಏನಾಗಿದೆ?" ಅಂತ ಕೇಳಿದೆ. "ಕಾಯಿಲ್ ಸುಟ್ಟಿದೆ", "ಹೊಸದು ತರಬೇಕು" ಅಂತ ಎರಡು ದನಿ ಬಂತು. ಒಬ್ಬ ಹುಡುಗನ ಕೈಗೆ ಒಣ ಹಿಡಿಸೂಡಿಯ ಕೋಲು ಕೊಟ್ಟು, ಬೆಂಚಿನ ಮೇಲೆ ಹತ್ತಿಸಿ, ಸ್ವಿಚ್ ಹಾಕಿಸಿ, ರೆಕ್ಕೆಯನ್ನು ಮೆಲ್ಲ ದೂಡಿ ಕೋಲು ಹಿಂದೆ ತೆಗೆಯಲು ಹೇಳಿದೆ. ಫ್ಯಾನು ತಿರುಗಲು ಶುರುವಾಯಿತು. ಮಕ್ಕಳೆಲ್ಲ ಹೋ ಅಂದರು. ಸ್ವಿಚ್ ಆಫ್ ಮಾಡಿಸಿ, ಪೂರ್ತಿ ನಿಂತ ಮೇಲೆ, ಈಗ ಉಲ್ಟಾ ದೂಡು ಅಂದೆ. ಫ್ಯಾನು ಉಲ್ಟಾ ತಿರುಗಿತು.

ಹಾಲ್ ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ಹಿಂದಿನ ಸಾಲಿನ ಒಬ್ಬ ಹುಡುಗಿ ಹೇಳಿದಳು: "ಸರ್, ಹಾಗಾದ್ರೆ ಅದಕ್ಕೆ ತಿರುಗ್ಲಿಕ್ಕೆ ಬರ್ತದೆ, ಹೊರಡ್ಲಿಕ್ಕೆ ಬರುವುದಿಲ್ಲ."

ನಾನು ಸಾವಿರಾರು ಫ್ಯಾನು ಬಿಚ್ಚಿದವನು. ಈ ಮಾತು ನನ್ನ ಬಾಯಲ್ಲಿ ಒಂದು ದಿನವೂ ಬಂದಿರಲಿಲ್ಲ. ವಿಷಯ ಇರುವುದೇ ಅಷ್ಟು. ಮನೆಗೆ ಬರುವ ಸಿಂಗಲ್ ಫೇಸ್ ಕರೆಂಟಿಗೆ ಫ್ಯಾನನ್ನು ಯಾವ ಕಡೆಗೆ ತಿರುಗಿಸಬೇಕು ಅಂತ ಗೊತ್ತಿಲ್ಲ. ಫ್ಯಾನಿನೊಳಗೆ ಎರಡು ವೈಂಡಿಂಗ್, ಅಂದರೆ ತಂತಿಯ ಸುರುಳಿ, ಇರುತ್ತವೆ. ಒಂದು ವೈಂಡಿಂಗಿನಲ್ಲಿ ಕರೆಂಟ್ ಸ್ವಲ್ಪ ಮುಂದಾಗಿ, ಇನ್ನೊಂದರಲ್ಲಿ ಸ್ವಲ್ಪ ಹಿಂದಾಗಿ ಹರಿದರೆ ಮಾತ್ರ ಒಂದು ದಿಕ್ಕು ಸಿಗುತ್ತದೆ. ಆ ಹಿಂದು ಮುಂದು ಮಾಡಿಕೊಡುವುದು ಕೆಪಾಸಿಟರ್. ನಮ್ಮ ಸಾಧಾರಣ ಸೀಲಿಂಗ್ ಫ್ಯಾನಿಗೆ ಹೆಚ್ಚಾಗಿ 2.5 ಎಂಎಫ್‌ಡಿ, ಅಂದರೆ ಮೈಕ್ರೋಫ್ಯಾರಡ್ ಅಳತೆಯದ್ದು, ನೂರು ರೂಪಾಯಿಯ ಒಳಗೆ ಸಿಗುತ್ತದೆ. ಅದು ಸತ್ತರೆ ಫ್ಯಾನು ಗುಂಯ್ ಅನ್ನುತ್ತಾ ನಿಂತಿರುತ್ತದೆ, ದೂಡಿದ ಕಡೆಗೆ ಹೋಗುತ್ತದೆ. ಎಷ್ಟೋ ಮನೆಯವರು ಇಷ್ಟಕ್ಕೇ ಫ್ಯಾನನ್ನು ಗುಜರಿಗೆ ಹಾಕುತ್ತಾರೆ.

ಚೀಲದಲ್ಲಿ ಕೆಪಾಸಿಟರ್ ಇತ್ತು. ಮೇನ್ ಸ್ವಿಚ್ ಇಳಿಸಿ, ಟೆಸ್ಟರ್ ಇಟ್ಟು ಕರೆಂಟ್ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಆ ಹುಡುಗಿಯನ್ನೇ ಮೇಲೆ ಹತ್ತಿಸಿದೆ. ಅವಳು ಹಳೆಯದರ ಎರಡು ವಯರ್ ಬಿಡಿಸಿ ಹೊಸದನ್ನು ಕೂರಿಸಿ ಟೇಪ್ ಸುತ್ತುವುದಕ್ಕೆ ತುಂಬಾ ಹೊತ್ತು ಹಿಡಿಯಿತು. ನಾನಾಗಿದ್ದರೆ ಎರಡು ನಿಮಿಷದ ಕೆಲಸ. ಆದರೆ ಒಬ್ಬರೂ ಕಣ್ಣು ಆಚೀಚೆ ಮಾಡಲಿಲ್ಲ. ಸ್ವಿಚ್ ಹಾಕಿದಾಗ ಆದ ಗಲಾಟೆಗೆ ಅಡುಗೆ ಕೋಣೆಯಿಂದ ಜನ ಓಡಿ ಬಂದರು. ಒಂದು ಗಂಟೆಗೆ ಅಂತ ಹೋದವನು ಸಂಜೆ ಚಹಾ ಕುಡಿದು ಹೊರಟೆ. ರಾತ್ರಿ ಅಂಗಡಿಯ ಶಟರ್ ಎಳೆಯುವಾಗಲೂ ತಲೆಯಲ್ಲಿ ಅದೇ: ತಿರುಗ್ಲಿಕ್ಕೆ ಬರ್ತದೆ, ಹೊರಡ್ಲಿಕ್ಕೆ ಬರುವುದಿಲ್ಲ. ಕೆಲಸದಿಂದ ಹೀಗೆ ಖುಷಿಯಾಗಿ ಬಂದು ಎಷ್ಟು ವರ್ಷವಾಗಿತ್ತೋ.

ಮುಂದಿನದ್ದು ನಾನು ಯೋಚನೆ ಮಾಡಿ ಶುರು ಮಾಡಿದ್ದಲ್ಲ. ಶಿಬಿರದ ಇಬ್ಬರು ಹುಡುಗರು ಒಂದು ಭಾನುವಾರ ಅಂಗಡಿ ಹುಡುಕಿಕೊಂಡು ಬಂದರು. ಒಬ್ಬನ ಕೈಯಲ್ಲಿ ಅಜ್ಜಿಯ ಮಿಕ್ಸಿ. "ಅಣ್ಣ, ನೀವು ಮಾಡುವುದು ಬೇಡ, ಹೇಗೆ ಅಂತ ಹೇಳಿ ಸಾಕು" ಅಂದ. ಅವರ ಹಿಂದೆ ಅವರ ಗೆಳೆಯರು, ಗೆಳೆಯರ ತಂಗಿಯರು. ಅಂಗಡಿಯ ಹಿಂದೆ ಶೀಟ್ ಹಾಸಿದ ಒಂದು ಜಾಗ ಇದೆ, ಹಳೆಯ ಮೋಟರು ಹಾಕುವಲ್ಲಿ. ಅದನ್ನು ಖಾಲಿ ಮಾಡಿ ಎರಡು ಬೆಂಚು ಹಾಕಿದೆ. ಈಗ ಭಾನುವಾರ ಬೆಳಿಗ್ಗೆ ಅಲ್ಲಿ ಹೈಸ್ಕೂಲಿನವರು, ಪಿಯುಸಿಯವರು, ಡಿಗ್ರಿಯವರು ಬರುತ್ತಾರೆ. ಫೀಸು ಇಲ್ಲ. ಗಿರಾಕಿಗಳ ಮನೆಯಿಂದ ಬಿಚ್ಚಿ ತಂದ ಹಳೆಯ ಸ್ವಿಚ್ಚು, ಹೋಲ್ಡರ್, ವಯರ್ ತುಂಡುಗಳೇ ನಮ್ಮ ಸಾಮಾನು.

ಬಂದವರಿಗೆ ಮೊದಲಿಗೆ 230 ವೋಲ್ಟ್ ಮುಟ್ಟಲು ಕೊಡುವುದಿಲ್ಲ. ಬೈಕಿನ 12 ವೋಲ್ಟ್ ಬ್ಯಾಟರಿ, ಇಂಡಿಕೇಟರ್ ಬಲ್ಬು, ಸ್ವಿಚ್ಚು, ಇಷ್ಟೇ. ಬ್ಯಾಟರಿಯ ಎರಡು ತುದಿ ನೇರ ಮುಟ್ಟಿಸಬಾರದು ಅನ್ನುವುದು ಮೊದಲ ಪಾಠ, ಯಾಕೆಂದರೆ 12 ವೋಲ್ಟ್ ಶಾಕ್ ಹೊಡೆಯದಿದ್ದರೂ ವಯರನ್ನು ಸುಡುತ್ತದೆ. ಎರಡು ಬಲ್ಬನ್ನು ಒಂದರ ಹಿಂದೆ ಒಂದು ಜೋಡಿಸಿದರೆ ಎರಡೂ ಮಂಕು. ಅಕ್ಕಪಕ್ಕ ಜೋಡಿಸಿದರೆ ಎರಡೂ ಝಗ್. ಇದನ್ನು ಎಲ್ಲರೂ ಪುಸ್ತಕದಲ್ಲಿ ಓದಿರುತ್ತಾರೆ. ಪಿಯುಸಿ ರಿಸಲ್ಟಿನಲ್ಲಿ ಉಡುಪಿ, ದಕ್ಷಿಣ ಕನ್ನಡ ಯಾವಾಗಲೂ ಮೇಲೆ ಇರುವ ಜಿಲ್ಲೆಗಳು, ಅದರಲ್ಲಿ ನಮ್ಮ ಮಕ್ಕಳಿಗೆ ಕಷ್ಟವಿಲ್ಲ. ಆದರೆ ಕೃಷ್ಣ ಮಠದ ಪರ್ಯಾಯ ಉತ್ಸವಕ್ಕೆ ಬೀದಿಯುದ್ದಕ್ಕೂ ಕಟ್ಟಿದ್ದ ಸೀರಿಯಲ್ ಸೆಟ್ಟಿನ ಒಂದು ಹಳೆಯ ತುಂಡು ಕೊಟ್ಟು, "ಒಂದು ಬಲ್ಬು ಹೋದರೆ ಇಷ್ಟೂ ಯಾಕೆ ಹೋಗ್ತದೆ?" ಅಂದರೆ ಪುಸ್ತಕದ ಆ ಚಿತ್ರ ಇಲ್ಲಿಗೇ ಸಂಬಂಧಪಟ್ಟದ್ದು ಅಂತ ತಲೆಗೆ ಹೋಗಲು ಸ್ವಲ್ಪ ಹೊತ್ತು ಬೇಕು. ಹೋದ ಮೇಲೆ ಮಾತ್ರ ಅವರನ್ನು ಹಿಡಿಯುವವರಿಲ್ಲ. ಕಳೆದ ದೀಪಾವಳಿಗೆ ಅರ್ಧ ಕೇರಿಯ ಸೀರಿಯಲ್ ಸೆಟ್ಟು ನಮ್ಮ ಬೆಂಚಿನ ಮೇಲಿತ್ತು.

ಆಮೇಲೆ ಮೆಟ್ಟಿಲಿನ ಲೈಟ್, ಕೆಳಗಿನಿಂದಲೂ ಮೇಲಿನಿಂದಲೂ ಹಾಕಿ ತೆಗೆಯುವಂಥದ್ದು. ಟೂ ವೇ ಸ್ವಿಚ್ಚಿನ ಹಿಂದೆ ಮೂರು ಸ್ಕ್ರೂ. ವಯರ್ ಮುಟ್ಟುವ ಮೊದಲು ಸಿಮೆಂಟ್ ನೆಲದ ಮೇಲೆ ಚಾಕ್‌ನಿಂದ ದೊಡ್ಡದಾಗಿ ಗೀಚಿಸುತ್ತೇನೆ. ಒಬ್ಬರು ಕರೆಂಟ್ ಆಗಿ ಗೆರೆಯ ಮೇಲೆ ನಡೆಯಬೇಕು, ಸ್ವಿಚ್ ಬದಲಾದಂತೆ ದಾರಿ ಬದಲಿಸಬೇಕು. ದಾರಿ ಮುಗಿದರೆ ಅಲ್ಲೇ ನಿಲ್ಲಬೇಕು. ಹುಡುಗರಿಗೆ ಇದು ಭಾರೀ ತಮಾಷೆ. ನಿಂತವನು ಜೋರಾಗಿ, "ಅಣ್ಣ, ಮುಲ್ಪ ಕರೆಂಟ್ ಇಜ್ಜಿ!" ಅಂತ ತುಳುವಿನಲ್ಲಿ ಕೂಗುತ್ತಾನೆ, ಇಲ್ಲಿ ಕರೆಂಟ್ ಇಲ್ಲ ಅಂತ. ಇಷ್ಟಾದ ಮೇಲೆ ವೈರಿಂಗ್ ತಪ್ಪುವುದು ಕಡಿಮೆ.

ಆದರೆ ಅವರಿಗೆ ನಿಜವಾದ ರುಚಿ ಹತ್ತುವುದು ಹೊಸದು ಜೋಡಿಸುವುದರಲ್ಲಿ ಅಲ್ಲ, ಕೆಟ್ಟದ್ದನ್ನು ಹುಡುಕುವುದರಲ್ಲಿ. ಇದು ನನಗೆ ಬೇಗ ಗೊತ್ತಾಯಿತು. ಸರಿಯಾದ ಬೋರ್ಡನ್ನು ಹತ್ತು ಸಲ ಜೋಡಿಸಿದರೆ ಕೈ ಪಳಗುತ್ತದೆ, ತಲೆ ಮಲಗುತ್ತದೆ. ಅದಕ್ಕೇ ಶನಿವಾರ ರಾತ್ರಿ ಕೂತು ನಾನೇ ಬೋರ್ಡುಗಳನ್ನು ಕೆಡಿಸಿಡುತ್ತೇನೆ. ನನ್ನ ಹೆಂಡತಿಗೆ ಇದು ನಗುವ ವಿಷಯ. ಹಗಲು ರಿಪೇರಿ, ರಾತ್ರಿ ಹಾಳು ಮಾಡುವುದು. ಕೆಡಿಸುವುದಕ್ಕೂ ಕಲೆ ಬೇಕು ಮಾರಾಯ್ರೆ. ಸುಮ್ನೆ ವಯರ್ ಕತ್ತರಿಸಿದರೆ ಕಣ್ಣಿಗೆ ಕಾಣುತ್ತದೆ. ಒಳಗಿನ ತಾಮ್ರ ಮಾತ್ರ ಮುರಿದು ಮೇಲಿನ ಪ್ಲಾಸ್ಟಿಕ್ ಹಾಗೇ ಇರಬೇಕು. ಇಸ್ತ್ರಿ ಪೆಟ್ಟಿಗೆಯ ವಯರಿನಲ್ಲಿ ಬುಡದ ಹತ್ತಿರ ಆಗುವುದು ಅದೇ. ಫ್ಯೂಸ್ ತಂತಿ ತೆಗೆದು ಕ್ಯಾರಿಯರನ್ನು ಮಾತ್ರ ಕೂರಿಸಿಡಬೇಕು. ಸ್ವಿಚ್ಚಿನ ಸ್ಕ್ರೂವನ್ನು ತಾಮ್ರದ ಮೇಲೆ ಬಿಗಿಯದೆ ಪ್ಲಾಸ್ಟಿಕ್ ಮೇಲೆ ಬಿಗಿದಿಡಬೇಕು. ಈ ಕೊನೆಯದು ಎಲ್ಲರನ್ನೂ ಸತಾಯಿಸುತ್ತದೆ. ಎಳೆದು ನೋಡಿದರೆ ಗಟ್ಟಿ ಇದೆ, ನೋಡಲು ಸರಿ ಇದೆ, ಬಲ್ಬು ಮಾತ್ರ ಉರಿಯುವುದಿಲ್ಲ.

ಆಗ ನಾನು ಕೇಳುವುದು ಒಂದೇ ಪ್ರಶ್ನೆ: "ಎಲ್ಲಿ ತನಕ ಬಂದಿದೆ?" ಮೊದಲಿನಿಂದ ಕೊನೆಯ ತನಕ ಒಂದೊಂದೇ ಜಾಗ ನೋಡುತ್ತಾ ಹೋಗುವುದು ಬೇಡ, ನಡುವಿನ ಒಂದು ಜಾಗ ಹಿಡಿ. ಅಲ್ಲಿ ಕರೆಂಟ್ ಇದ್ದರೆ ತೊಂದರೆ ಮುಂದೆ, ಇಲ್ಲದಿದ್ದರೆ ಹಿಂದೆ. ಉಳಿದ ಅರ್ಧವನ್ನು ಮತ್ತೆ ಅರ್ಧ ಮಾಡು. ಎಷ್ಟು ಉದ್ದದ ವೈರಿಂಗ್ ಆದರೂ ನಾಲ್ಕೈದು ಸಲಕ್ಕೆ ಸಿಕ್ಕಿಬೀಳುತ್ತದೆ. ನಾನು ಇದನ್ನೇ ಮಾಡುತ್ತಿದ್ದೆ, ಮಾಡುತ್ತಿದ್ದೇನೆ ಅಂತ ಗೊತ್ತಿರಲಿಲ್ಲ. ಬಾಯಿ ಬಿಟ್ಟು ಹೇಳಬೇಕಾಗಿ ಬಂದಾಗಲೇ ಗೊತ್ತಾದದ್ದು.

12 ವೋಲ್ಟಿನಲ್ಲಿ ಪಳಗಿದವರಿಗೆ ಮುಂದಿನದ್ದು ಸೀರೀಸ್ ಬೋರ್ಡು. ರಿಪೇರಿ ಅಂಗಡಿಯವರೆಲ್ಲರ ಹತ್ತಿರ ಇರುತ್ತದೆ. ಫೇಸ್ ವಯರಿನ ನಡುವೆ ಒಂದು 100 ವಾಟ್ ಬಲ್ಬು, ಅದು ದಾಟಿದ ಮೇಲೆ ಪ್ಲಗ್. ಕೆಟ್ಟ ಸಾಮಾನನ್ನು ಆ ಪ್ಲಗ್ಗಿಗೆ ಹಾಕಿ ಬಲ್ಬಿನ ಮುಖ ನೋಡಬೇಕು. ಬಲ್ಬು ಉರಿಯಲೇ ಇಲ್ಲ ಅಂದರೆ ಒಳಗೆ ಎಲ್ಲೋ ದಾರಿ ಕಡಿದಿದೆ. ಫ್ಯಾನು ಹಾಕಿದಾಗ ಮಂಕಾಗಿ ಉರಿದರೆ ವೈಂಡಿಂಗ್ ಜೀವಂತ. ಪೂರ್ತಿ ಉರಿದರೆ ಶಾರ್ಟ್. ಇಸ್ತ್ರಿ ಪೆಟ್ಟಿಗೆಯಂಥದ್ದು ಸರಿ ಇದ್ದರೂ ಹೆಚ್ಚು ಕಡಿಮೆ ಪೂರ್ತಿಯೇ ಉರಿಯುತ್ತದೆ, ಅಲ್ಲಿ ಮೋಸ ಹೋಗಬಾರದು. ಶಾರ್ಟ್ ಇದ್ದರೂ ಫ್ಯೂಸ್ ಹಾರುವುದಿಲ್ಲ, ಎಲ್ಲ ಕರೆಂಟೂ ಬಲ್ಬಿನ ಮೂಲಕವೇ ಹೋಗಬೇಕಲ್ಲ. ಶಾಕ್ ಮಾತ್ರ ಹೊಡೆಯುತ್ತದೆ, ಬಲ್ಬು ಅದನ್ನು ತಡೆಯುವುದಿಲ್ಲ. ಆದ್ದರಿಂದ ಇದನ್ನು ನಾನು ಪಕ್ಕದಲ್ಲಿ ಇಲ್ಲದೆ ಯಾರೂ ಮುಟ್ಟುವ ಹಾಗಿಲ್ಲ. ಬೆಂಚಿಗೆ ಬೇರೆಯೇ 30 ಮಿಲಿ ಆಂಪ್ಸಿನ ಇಎಲ್‌ಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್ಚು, ಹಾಕಿಟ್ಟಿದ್ದೇನೆ. ಕಾಲಿಗೆ ಚಪ್ಪಲಿ, ಕೆಳಗೆ ರಬ್ಬರ್ ಮ್ಯಾಟ್.

ಇಷ್ಟರಲ್ಲಿ ನನಗೆ ಅತಿ ಕಷ್ಟವಾದದ್ದು ಯಾವುದು ಗೊತ್ತುಂಟಾ? ಕೈ ಕಟ್ಟಿ ಕೂರುವುದು. ಕಟಿಂಗ್ ಪ್ಲೇಯರನ್ನು ಚಮಚ ಹಿಡಿದ ಹಾಗೆ ಹಿಡಿದು ವಯರಿನ ಜೊತೆ ಗುದ್ದಾಡುವುದನ್ನು ನೋಡುವಾಗ ನನ್ನ ಬೆರಳು ತುರಿಸುತ್ತದೆ. "ಇಲ್ಲಿ ಕೊಡು" ಅನ್ನುವ ಮಾತು ಬಾಯಿಯ ತುದಿಗೆ ಬರುತ್ತದೆ. ಆದರೆ ಟೂಲ್ ನನ್ನ ಕೈಗೆ ಬಂತು ಅಂದರೆ ಅವನ ಕಲಿಕೆ ಅಲ್ಲಿಗೆ ಮುಗಿಯಿತು. ಆಮೇಲೆ ಅವನು ಏಣಿ ಹಿಡಿಯುವವನೇ. ಮಕ್ಕಳೇ ಒಂದು ಕಾನೂನು ಮಾಡಿದ್ದಾರೆ: ಅಣ್ಣ ಯಾರದ್ದಾದರೂ ಕೈಯಿಂದ ಟೂಲ್ ತೆಗೆದುಕೊಂಡರೆ ಎಲ್ಲರಿಗೂ ಗೋಳಿಬಜೆ ತರಿಸಬೇಕು. ಒಂದು ಕಾಲದಲ್ಲಿ ಪಕ್ಕದ ಹೋಟೆಲಿನವರಿಗೆ ಭಾನುವಾರ ಒಳ್ಳೆಯ ವ್ಯಾಪಾರ ಇತ್ತು.

ಇನ್ನು ಮಳೆಗಾಲ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನಷ್ಟು ಮಳೆ. ಅದರ ಮೇಲೆ ಸಮುದ್ರದ ಉಪ್ಪು ಗಾಳಿ. ಹೊರಗಿನ ಸ್ವಿಚ್ ಬೋರ್ಡಿನೊಳಗೆ ಹಿತ್ತಾಳೆಗೆಲ್ಲ ಹಸಿರು ಕಿಲುಬು ಹಿಡಿಯುತ್ತದೆ, ಗೋಡೆ ತೇವ ಎಳೆಯುತ್ತದೆ, ಎಲ್ಲೋ ಸ್ವಲ್ಪ ಕರೆಂಟ್ ಸೋರುತ್ತದೆ, ಇಎಲ್‌ಸಿಬಿ ಬೀಳುತ್ತದೆ. ಜೂನ್ ಬಂತೆಂದರೆ ನನಗೆ ಬರುವ ಫೋನೆಲ್ಲ ಇದೇ. "ಆ ಪೆಟ್ಟಿಗೆಯನ್ನು ತೆಗೆದು ನೇರ ಕೊಟ್ಟುಬಿಡಿ, ದಿನಾ ಬೀಳ್ತದೆ" ಅನ್ನುವವರು ಎಷ್ಟು ಜನ! ಕೇಳಿದ ಕೂಡಲೇ ನೇರ ಕೊಟ್ಟುಬಿಡುವ ಕೆಲಸದವರೂ ಇದ್ದಾರೆ. ನನಗೆ ಸಿಟ್ಟು ಬರುವುದು ಇಲ್ಲಿಯೇ. ಎಂಸಿಬಿ ಇರುವುದು ವಯರ್ ಸುಡದಂತೆ ಕಾಯಲು, ಮನುಷ್ಯನನ್ನು ಕಾಯುವುದು ಇಎಲ್‌ಸಿಬಿ. ಅದು ಬೀಳುತ್ತಿದೆ ಅಂದರೆ ತನ್ನ ಕೆಲಸ ಮಾಡುತ್ತಿದೆ ಅಂತ.

ಮಲ್ಪೆ ಕಡೆಯ ಒಬ್ಬಳು ಪಿಯುಸಿ ಹುಡುಗಿ ನಮ್ಮಲ್ಲಿಗೆ ಬರುತ್ತಾಳೆ. ತಂದೆ ಗಲ್ಫಿನಲ್ಲಿ, ಮನೆಯಲ್ಲಿ ಅಮ್ಮ, ಅಜ್ಜಿ. ಜೋರು ಮಳೆಯ ಒಂದು ಸಂಜೆ ಅವಳ ಫೋನು. "ಅಣ್ಣ, ಇಎಲ್‌ಸಿಬಿ ನಿಲ್ತಾ ಇಲ್ಲ. ಒಂದೊಂದೇ ಎಂಸಿಬಿ ಆಫ್ ಮಾಡಿ ನೋಡಿದೆ. ಯಾವುದನ್ನು ಆಫ್ ಮಾಡಿದ್ರೂ ಬೀಳ್ತದೆ." ನಾನು ಕೇಳಿದೆ, "ನಿಮ್ಮ ಎಂಸಿಬಿ ಯಾವ ವಯರನ್ನು ಕಡಿಯುತ್ತದೆ?" "ಫೇಸ್." "ಮತ್ತೆ?" ಆ ಕಡೆ ಮಳೆಯ ಸದ್ದು ಮಾತ್ರ. ಆಮೇಲೆ, "ಅಯ್ಯೋ! ನ್ಯೂಟ್ರಲ್ ಹಾಗೇ ಉಂಟಲ್ಲ ಅಣ್ಣ. ನ್ಯೂಟ್ರಲ್ ಎಲ್ಲಿಯೋ ಅರ್ತಿಗೆ ತಾಗಿದೆ." ನಾನು ಫೋನಿನಲ್ಲೇ ಎದ್ದು ನಿಂತಿದ್ದೆ. ಅವರ ಎಂಸಿಬಿ ಕಡಿಯುವುದು ಕರೆಂಟ್ ಬರುವ ಫೇಸನ್ನು ಮಾತ್ರ, ವಾಪಸ್ ಹೋಗುವ ನ್ಯೂಟ್ರಲನ್ನು ಅಲ್ಲ. ಕೆಲಸಕ್ಕೆ ಸೇರಿ ಎಷ್ಟೋ ವರ್ಷವಾದವರಿಗೂ ಇದು ಹೊಳೆಯುವುದಿಲ್ಲ. ಡಿಬಿ, ಅಂದರೆ ಎಂಸಿಬಿಗಳಿರುವ ಪೆಟ್ಟಿಗೆ, ಬಿಚ್ಚಬೇಡ, ಬರ್ತೇನೆ ಅಂದೆ. ಮೇನ್ ಇಳಿಸಿ, ನಾನು ಟಾರ್ಚ್ ಹಿಡಿದು ನಿಂತೆ, ಅವಳು ನ್ಯೂಟ್ರಲ್ ಲಿಂಕಿನಿಂದ ಒಂದೊಂದೇ ವಯರ್ ಬಿಡಿಸಿದಳು. ಪ್ರತಿ ಸಲ ಮುಚ್ಚಳ ಹಾಕಿ, ಮೇನ್ ಏರಿಸಿ, ನೋಡಿ, ಮತ್ತೆ ಇಳಿಸಿ. ಕೊನೆಗೆ ಸಿಕ್ಕಿದ್ದು ಹಿತ್ತಲಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲಿನ ಬೋರ್ಡು. ಒಳಗೆ ನೀರು, ಎರಡು ಸ್ಕ್ರೂವಿನ ನಡುವೆ ಕಿಲುಬಿನ ಸೇತುವೆ. ಅಜ್ಜಿ ನನಗೆ ಬೆಲ್ಲ, ನೀರು ಕೊಟ್ಟು ಕೇಳಿದರು, "ನೀವು ಸುಮ್ನೆ ನಿಂತದ್ದಕ್ಕೂ ದುಡ್ಡು ಉಂಟಾ?"

ಎಲ್ಲ ಮನೆಯವರಿಗೂ ಇದು ಇಷ್ಟ ಅಂತಲ್ಲ. ಒಬ್ಬರು ತಂದೆ ಅಂಗಡಿಗೇ ಬಂದು, "ನನ್ನ ಮಗ ಇಂಜಿನಿಯರ್ ಆಗಬೇಕಾದವ. ವಯರ್ ಎಳೆಯುವುದು ಕಲಿತು ಎಂತ ಮಾಡ್ಲಿಕ್ಕುಂಟು?" ಅಂದರು. ಆಗಲಿ, ಒಳ್ಳೆಯದೇ. ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುವ ಒಬ್ಬ ಹುಡುಗನೂ ಭಾನುವಾರ ಬರುತ್ತಾನೆ. ಬಂದ ದಿನ ಅವನಿಗೆ ಟೆಸ್ಟರ್ ಹಿಡಿಯಲು ಗೊತ್ತಿರಲಿಲ್ಲ. ಹಿಂದಿನ ಲೋಹವನ್ನು ಬೆರಳಿನಿಂದ ಮುಟ್ಟದೆ ದೀಪ ಬರುತ್ತಿಲ್ಲ ಅನ್ನುತ್ತಿದ್ದ. ಆದರೆ 2.5ರ ಜಾಗಕ್ಕೆ ದೊಡ್ಡ ಕೆಪಾಸಿಟರ್ ಹಾಕಿದರೆ ಫ್ಯಾನು ಯಾಕೆ ಬಿಸಿಯಾಗುತ್ತದೆ ಅಂತ ಲೆಕ್ಕ ಹಾಕಿ ನನಗೆ ತೋರಿಸಿದವನು ಅವನೇ. ಬಿಸಿಯಾಗುತ್ತದೆ ಅಂತ ಕೈಗೆ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ. ನನ್ನ ಮೇಸ್ತ್ರಿಯ "ಅದು ಹಾಗೇ ಮಾರಾಯ" ಅನ್ನುವ ಉತ್ತರಕ್ಕೆ ಈ ವಯಸ್ಸಿನಲ್ಲಿ ಉತ್ತರ ಸಿಗುತ್ತಿದೆ.

ಇದನ್ನೇ ಕಸುಬು ಮಾಡುತ್ತೇನೆ ಅನ್ನುವವರು ಕಡಿಮೆ. ಹಾಗೆ ಅಂದ ಒಬ್ಬ ಹುಡುಗನಿಗೆ ಉಜಿರೆಯ ರುಡ್‌ಸೆಟ್‌ಗೆ ಹೋಗು ಅಂದೆ. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು 1982ರಲ್ಲಿ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆ ಸೇರಿ ಕಟ್ಟಿದ ಸಂಸ್ಥೆ. ಊಟ, ವಸತಿ ಸೇರಿ ತರಬೇತಿ ಉಚಿತ. ಇದೇ ಮಾದರಿಯನ್ನು ಆಮೇಲೆ ದೇಶದ ಜಿಲ್ಲೆ ಜಿಲ್ಲೆಗೂ ತೆಗೆದುಕೊಂಡು ಹೋದರು. ಹುಡುಗ ಅಲ್ಲಿ ಮೋಟರ್ ವೈಂಡಿಂಗ್ ಕಲಿತು ಬಂದಿದ್ದಾನೆ. ಈಗ ವೈಂಡಿಂಗ್ ಕೆಲಸ ನನಗೆ ಬಂದರೆ ಅವನಿಗೆ ಕೊಡುತ್ತೇನೆ. ಉಳಿದವರಿಗೆ ನಾನು ಹೇಳುವುದು ಬೇರೆ. ಮನೆಯ ಫ್ಯಾನು, ಪ್ಲಗ್ಗು, ಹೋಲ್ಡರ್ ನೋಡಿಕೊಳ್ಳಿ, ಸಾಕು. ಹೊಸ ವೈರಿಂಗಿಗೆ ಪರವಾನಗಿ ಇದ್ದವರೇ ಬೇಕು. ಮೀಟರಿನ ಸೀಲಿಗೆ ಕೈ ಹಾಕಬಾರದು, ಕಂಬದ ಕಡೆಯ ತೊಂದರೆಗೆ ಮೆಸ್ಕಾಂನ 1912 ಇದೆ. ಗಾಳಿ ಮಳೆಗೆ ತಂತಿ ಹರಿದು ಬಿದ್ದಿದ್ದರೆ ಹತ್ತಿರ ಹೋಗದಿರುವುದೇ ಜಾಣತನ.

ಈ ಬೇಸಿಗೆಗೆ ಬಾವಿ ಪಂಪಿನ ಪ್ಯಾನೆಲ್ ಬಿಚ್ಚೋಣ ಅಂತ ಮಕ್ಕಳು ಹಟ ಹಿಡಿದಿದ್ದಾರೆ. ಅದಕ್ಕಿಂತ ಮೊದಲು ಅರ್ತಿಂಗ್ ಮಾಡಿಸಬೇಕು ಅಂತ ನನ್ನ ಲೆಕ್ಕ. ನಮ್ಮದು ಮುರಕಲ್ಲಿನ ನೆಲ, ಮಾರ್ಚ್ ಬಂತೆಂದರೆ ಒಣಗಿ ಅರ್ತ್ ಸೋಲುತ್ತದೆ. ಗುಂಡಿ ತೆಗೆದು, ಇದ್ದಿಲು, ಉಪ್ಪು ತುಂಬಿ, ನೀರು ಹೊಯ್ಯುವ ಕೆಲಸವನ್ನು ಒಂದು ಸಲ ಕೈಯಾರೆ ಮಾಡಿದರೆ ಅದು ಯಾಕೆ ಬೇಕು ಅಂತ ಮರೆಯುವುದಿಲ್ಲ. ಗುದ್ದಲಿ ಹಿಡಿಯಲು ಎಷ್ಟು ಜನ ಬರುತ್ತಾರೋ ನೋಡಬೇಕು. ಇನ್ನೊಂದು ತಾಪತ್ರಯ ಬಲ್ಬಿನದ್ದು. ಸೀರೀಸ್ ಬೋರ್ಡಿಗೆ ಎಲ್‌ಇಡಿ ಆಗುವುದಿಲ್ಲ, ತಂತಿ ಉರಿಯುವ ಹಳೆಯ ಬಲ್ಬೇ ಬೇಕು. 100 ವಾಟಿನದ್ದು ಈಗ ಅಂಗಡಿಯಲ್ಲಿ ಸಿಗುವುದೇ ಕಷ್ಟ. ನಿಮ್ಮ ಅಟ್ಟದಲ್ಲಿ ಅಥವಾ ಹಳೆಯ ಬಚ್ಚಲು ಕೋಣೆಯಲ್ಲಿ ಒಂದೆರಡು ಇದ್ದರೆ ಎಸೆಯಬೇಡಿ, ಕಲ್ಸಂಕದ ಕಡೆ ಬಂದಾಗ ತಂದುಕೊಡಿ. ಭಾನುವಾರ ಬೆಳಿಗ್ಗೆ ಬಂದರೆ ಇಸ್ತ್ರಿ ಪೆಟ್ಟಿಗೆಯನ್ನೂ ತನ್ನಿ, ನಮ್ಮ ಮಕ್ಕಳ ಕೈಯಲ್ಲಿ ಒಮ್ಮೆ ನೋಡಿಸೋಣ.